ಸಿಯೋಲ್‌ನಲ್ಲಿ ಒಂದೇ ಅರಮನೆ ನೋಡೋದಾದರೆ ಯಾವುದು?

ಸಿಯೋಲ್‌ನಲ್ಲಿ ಹಿಂದೆ ಕೊರಿಯಾ ಆಳಿದ ಜೋಸನ್ ರಾಜರ ಅರಮನೆಗಳು ಐದಿವೆ. ಅಷ್ಟನ್ನೂ ನೋಡೋಕೆ ಪ್ರವಾಸಿಗರಿಗೆ ಪುರುಸೊತ್ತು ಎಲ್ಲಿರುತ್ತದೆ? ಕೊನೆಗೆ ಮಾತು ಬಂದು ನಿಲ್ಲುವುದು ಎರಡಕ್ಕೆ: ಗ್ಯೊಂಗ್‌ಬೊಕ್‌ಗುಂಗ್ ಮತ್ತು ಚಾಂಗ್‌ಡೊಕ್‌ಗುಂಗ್. ಎರಡನ್ನೂ ಕಾಲು ನೋಯುವಷ್ಟು ಸುತ್ತಿದ್ದೇನೆ. ನನ್ನ ಓಟು ಚಾಂಗ್‌ಡೊಕ್‌ಗುಂಗ್‌ಗೆ.

ಗತ್ತು ನೋಡಬೇಕು ಅಂದರೆ ಮಾತ್ರ ಗ್ಯೊಂಗ್‌ಬೊಕ್‌ಗುಂಗೇ ಸರಿ. ಜೋಸನ್ ವಂಶದ ಮೊದಲ ರಾಜ ತೇಜೋ 1395ರಲ್ಲಿ ಕಟ್ಟಿಸಿದ್ದು. ಗ್ವಾಂಗ್‌ಹ್ವಾಮುನ್ ಹೆಬ್ಬಾಗಿಲಿನಿಂದ ಬಾಗಿಲ ಹಿಂದೆ ಬಾಗಿಲು, ಎಲ್ಲ ಒಂದೇ ನೇರಕ್ಕೆ. ಬೆನ್ನಿಗೆ ಬೆಟ್ಟ. ಸಿಂಹಾಸನವಿರುವ ಗುನ್‌ಜಾಂಗ್‌ಜಾನ್ ಮುಂದಿನ ದೊಡ್ಡ ಅಂಗಳಕ್ಕೆ ಒರಟು ಕಲ್ಲು ಹಾಸಿದ್ದಾರೆ. ಎರಡೂ ಬದಿ ಸಾಲಾಗಿ ಪುಟ್ಟ ಕಲ್ಲುಗಳು ನಿಂತಿವೆ. ಒಂದೊಂದರ ಮೇಲೂ ಅಧಿಕಾರಿಗಳ ದರ್ಜೆ ಕೆತ್ತಿದೆ. ಯಾರು ಎಲ್ಲಿ ನಿಲ್ಲಬೇಕು ಅಂತ ಆ ಕಲ್ಲು ನೋಡಿದರೆ ಸಾಕು, ಯಾರನ್ನೂ ಕೇಳಬೇಕಿಲ್ಲ. ಕೊಳದ ಮಧ್ಯೆ 48 ಕಲ್ಲಿನ ಕಂಬಗಳ ಮೇಲೆ ನಿಂತ ಗ್ಯೊಂಗ್‌ಹೇರು ಮಂಟಪವನ್ನೂ ಬಿಡಬೇಡಿ. ಬೆಳಿಗ್ಗೆ ಹತ್ತಕ್ಕೆ ಹೆಬ್ಬಾಗಿಲಲ್ಲಿ ಕಾವಲುಗಾರರ ಪಾಳಿ ಬದಲಾಗುವುದನ್ನು ತೋರಿಸುತ್ತಾರೆ. ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ.

ಆದರೆ ಇಲ್ಲಿ ಕಾಣುವುದರಲ್ಲಿ ಬಹುಪಾಲು ಹೊಸದು. 1592ರಲ್ಲಿ ಜಪಾನಿನ ದಾಳಿಯ ಹೊತ್ತಿಗೆ ಅರಮನೆ ಸುಟ್ಟುಹೋಯಿತು. ಮತ್ತೆ ಎದ್ದು ನಿಂತಿದ್ದು 1867ರಲ್ಲಿ. ಆಮೇಲೆ ಜಪಾನಿನ ಆಡಳಿತದಲ್ಲಿ ಕಟ್ಟಡಗಳನ್ನು ಕೆಡವಿ, ಸಿಂಹಾಸನದ ಮನೆಯೇ ಕಾಣದ ಹಾಗೆ ಎದುರಿಗೆ ದೊಡ್ಡ ಸರ್ಕಾರಿ ಕಟ್ಟಡ ಎಬ್ಬಿಸಿದರು. ಅದನ್ನು ಕೊರಿಯನ್ನರು ಒಡೆದು ತೆಗೆದಿದ್ದು 1990ರ ದಶಕದಲ್ಲಿ. ಕಳೆದುಕೊಂಡಿದ್ದನ್ನು ಒಂದೊಂದಾಗಿ ಮತ್ತೆ ಕಟ್ಟುತ್ತಿರುವ ಅವರ ಹಟಕ್ಕೆ ನಾನು ಕೈಮುಗಿಯುತ್ತೇನೆ. ಆದರೂ ಎಷ್ಟೋ ಕಡೆ ಮರಕ್ಕೆ ಇನ್ನೂ ವಯಸ್ಸಾಗಿಲ್ಲ, ಬಣ್ಣ ಮಾಸಿಲ್ಲ.

ರಾಣಿಯ ಮನೆ ಗ್ಯೋತೇಜಾನ್ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಒಂದು ತೋಟವಿದೆ. ಅಲ್ಲಿ ಕಿತ್ತಳೆ ಬಣ್ಣದ ಇಟ್ಟಿಗೆಯ, ಆರು ಮೂಲೆಯ ಹೊಗೆಗೂಡುಗಳಿವೆ. ಮೈತುಂಬ ಹೂವು, ಹಕ್ಕಿ, ಬಾವಲಿಗಳ ಚಿತ್ತಾರ. ನೆಲದಡಿ ಬಿಸಿ ಹಾಯಿಸಿ ಮನೆ ಬೆಚ್ಚಗಿಡುವ ಓಂಡೊಲ್ ಒಲೆಗಳ ಹೊಗೆ ಇವುಗಳಿಂದ ಹೊರಗೆ ಹೋಗುತ್ತಿತ್ತು. ಈ ಗೂಡುಗಳು ಹಳೆಯವೇ. ಮುಂದಿರುವ ಮನೆ ಮಾತ್ರ 1990ರ ದಶಕದ್ದು. ಹಳೇ ಮನೆ ಎಲ್ಲಿ ಹೋಯಿತು? ಚಾಂಗ್‌ಡೊಕ್‌ಗುಂಗ್‌ಗೆ! 1917ರಲ್ಲಿ ಅಲ್ಲಿ ಬೆಂಕಿ ಬಿದ್ದಾಗ, ಇಲ್ಲಿನ ರಾಜ ರಾಣಿಯರ ಮನೆಗಳನ್ನು ಬಿಚ್ಚಿ, ಆ ಮರದಲ್ಲೇ ಅಲ್ಲಿ ಹೀಜಾಂಗ್‌ಡಾಂಗ್ ಮತ್ತು ದೇಜೋಜಾನ್ ಕಟ್ಟಿದರು. ರಾಣಿಯ ಮನೆಯ ಮರ ಹೋಗಿದ್ದು ದೇಜೋಜಾನ್‌ಗೆ.

ಚಾಂಗ್‌ಡೊಕ್‌ಗುಂಗ್ 1405ರದ್ದು. ಇದೂ ಸುಟ್ಟಿತ್ತು, ಆದರೆ ಬೇಗ ಎದ್ದಿತು. 1609ರ ದೊನ್‌ಹ್ವಾಮುನ್ ಬಾಗಿಲು ಇವತ್ತಿಗೂ ನಿಂತಿದೆ. ಒಳಗೆ ಹೋದರೆ ನೇರ ದಾರಿಯೇ ಇಲ್ಲ. ಬಲಕ್ಕೆ ತಿರುಗಿ ಹಳೇ ಕಲ್ಲಿನ ಸೇತುವೆ ದಾಟಬೇಕು, ಮತ್ತೆ ಎಡಕ್ಕೆ. ಗುಡ್ಡವನ್ನು ಕಡಿಯದೆ, ಅದು ಎಲ್ಲಿ ಜಾಗ ಕೊಟ್ಟಿತೋ ಅಲ್ಲಿ ಕಟ್ಟಿದ್ದಾರೆ. 1997ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಸುಮ್ನೆ ಅಲ್ಲ.

ನಿಜವಾದ ಸೊಗಸು ಇರುವುದು ಹಿಂದಿನ ತೋಟ ಹುವೊನ್‌ನಲ್ಲಿ. ಚೌಕದ ಕೊಳ, ನಡುವೆ ದುಂಡನೆ ದ್ವೀಪ. ದಡದ ಪುಟ್ಟ ಮಂಟಪದ ಎರಡು ಕಾಲು ನೀರಿನಲ್ಲೇ ಇವೆ. ಎದುರು ದಿಬ್ಬದ ಮೇಲೆ ರಾಜ ಜೊಂಗ್‌ಜೋ 1776ರಲ್ಲಿ ಕಟ್ಟಿಸಿದ ಪುಸ್ತಕದ ಮನೆ. ತೋಟದ ತುದಿಯಲ್ಲಿ ಒಂದು ಪುಟ್ಟ ಗದ್ದೆ. ರಾಜ ತಾನೇ ಭತ್ತ ಬೆಳೆದು ರೈತರ ಕಷ್ಟ ತಿಳಿಯಲಿ ಅಂತ. ಪಕ್ಕದ ಮಂಟಪಕ್ಕೆ ಹುಲ್ಲಿನ ಚಾವಣಿ. ಇಷ್ಟು ದೊಡ್ಡ ಅರಮನೆಯಲ್ಲಿ ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿಕೊಂಡಿದ್ದು ಆ ಗದ್ದೆಯೇ.

ತೊಂದರೆಯೂ ಇದೆ. ತೋಟಕ್ಕೆ ಬೇರೆ ಟಿಕೆಟ್ ಬೇಕು. ನಾನು ಹೋದಾಗ ಎರಡೂ ಅರಮನೆಗೆ 3,000 ವೊನ್, ತೋಟಕ್ಕೆ ಮೇಲೆ 5,000. ಕೊರಿಯಾದ ಸಾಂಪ್ರದಾಯಿಕ ಉಡುಪು ಹಾನ್‌ಬೊಕ್ ಉಟ್ಟು ಹೋದರೆ ಅರಮನೆ ಪ್ರವೇಶ ಉಚಿತ, ಆದರೆ ತೋಟದ ಟಿಕೆಟ್ ತಪ್ಪುವುದಿಲ್ಲ. ಒಂದೊಂದು ಹೊತ್ತಿಗೆ ಇಂತಿಷ್ಟೇ ಜನ ಅಂತ ಲೆಕ್ಕ ಇರುವುದರಿಂದ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿ. ಏರಿಳಿತ ಜಾಸ್ತಿ. ಮಂಡಿನೋವಿನ ಅಮ್ಮ ಅಪ್ಪ ಜೊತೆಗಿದ್ದರೆ ಗ್ಯೊಂಗ್‌ಬೊಕ್‌ಗುಂಗೇ ವಾಸಿ.

ಒಂದು ಪೂರ್ತಿ ದಿನ ಇದ್ದರೆ ಎರಡನ್ನೂ ನೋಡಬಹುದು. ಬೆಳಿಗ್ಗೆ ಆ ಹೊಗೆಗೂಡುಗಳನ್ನು ನೋಡಿ. ಆಮೇಲೆ ಮೆಟ್ರೋ 3ನೇ ಲೈನ್ ಹತ್ತಿ, ಮುಂದಿನ ಸ್ಟೇಷನ್ ಆಂಗುಕ್‌ನಲ್ಲಿ ಇಳಿದು ಚಾಂಗ್‌ಡೊಕ್‌ಗುಂಗ್‌ಗೆ ನಡೆದು ಹೋಗಿ. ದೇಜೋಜಾನ್ ಮುಂದೆ ನಿಂತಾಗ ಆ ಗೂಡುಗಳ ಮನೆ ಇದೇ ಅಂತ ಗೊತ್ತಿದ್ದರೆ ನೋಡುವ ರೀತಿಯೇ ಬೇರೆಯಾಗುತ್ತದೆ. ಸೋಮವಾರ ಚಾಂಗ್‌ಡೊಕ್‌ಗುಂಗ್‌ಗೆ ರಜೆ, ಮಂಗಳವಾರ ಗ್ಯೊಂಗ್‌ಬೊಕ್‌ಗುಂಗ್‌ಗೆ. ಹಾಗಾಗಿ ಬುಧವಾರದಿಂದ ಭಾನುವಾರದ ಒಳಗೆ ಇಟ್ಟುಕೊಳ್ಳಿ.