ವಿಂಡೋಸ್ 11ಕ್ಕೆ ಹಳೇ ಲ್ಯಾಪ್‌ಟಾಪೋ, ಸೆಕೆಂಡ್ ಹ್ಯಾಂಡೋ?

ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 18,000 ರೂಪಾಯಿಗೆ 8ನೇ ಜನರೇಷನ್ ಐ5 ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬೇರೆ ದಾರಿಗಳನ್ನೂ ನೋಡಿದ ಮೇಲೆಯೇ ಈ ಮಾತು.

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಹಳೇ ಲ್ಯಾಪ್‌ಟಾಪ್ 7ನೇ ಜನರೇಷನ್‌ನದು. ರ‍್ಯಾಮ್ ಸಾಕಷ್ಟಿದೆ, ಎಸ್‌ಎಸ್‌ಡಿ ಇದೆ, ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ವ್ಯವಸ್ಥೆ ಕೂಡ ಇದೆ. ಆದರೆ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿ ಅದರ ಪ್ರೊಸೆಸರ್ ಇಲ್ಲ. ಆಧಾರ್ ಇದೆ, ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ ಅಂದ ಹಾಗೆ. ಇಂಟೆಲ್‌ನಲ್ಲಿ 8ನೇ ಜನರೇಷನ್‌ನಿಂದ ಈಚೆಗಿನವೇ ಬೇಕು. 7ನೆಯದರಲ್ಲಿ ಬೆರಳೆಣಿಕೆಯಷ್ಟು ಚಿಪ್‌ಗಳಿಗೆ ಮಾತ್ರ ವಿನಾಯಿತಿ.

ಮೊದಲು ರೂಫಸ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ಮಾಡಿ, ಈ ತಪಾಸಣೆಗಳನ್ನು ತೆಗೆಸಿ ಹಳೆಯದಕ್ಕೇ 11 ಹಾಕಿ ನೋಡಿದೆ. ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ಕೂಡ ಬಂತು. ಆದರೆ ಅದು ಬಂದೇ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಇಳಿಯುವುದಿಲ್ಲ, ಮತ್ತೆ ಪೆನ್‌ಡ್ರೈವ್ ಹಿಡಿದು ಕೂರಬೇಕು. ಆಟವಾಡುವ ಕಂಪ್ಯೂಟರ್ ಆದರೆ ಸರಿ. ನಾಳೆ ಬೆಳಗ್ಗೆ ಮದುವೆ ಕಾರ್ಡ್ ಪ್ರಿಂಟಿಗೆ ಕೊಡಬೇಕಾದವನಿಗೆ ಈ ತಲೆನೋವು ಬೇಡ.

ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ 22 ನಿಜಕ್ಕೂ ಇಷ್ಟವಾಯಿತು. ಹಳೇ ಮಷಿನ್ ಹಗುರವಾಯಿತು. ಕನ್ನಡ ಟೈಪಿಂಗಿನ ಕಗಪ ಕೀಬೋರ್ಡ್ ಲೇಔಟ್ ಅದರಲ್ಲೇ ಇದೆ, ಹಾಗಾಗಿ ನುಡಿಯಲ್ಲಿ ಪಳಗಿದ ಬೆರಳಿಗೆ ಕಷ್ಟವಿಲ್ಲ. ಆದರೆ ನನ್ನ ಡಿಟಿಪಿ ಕೆಲಸವೆಲ್ಲ ಲಿನಕ್ಸ್‌ಗೆ ಬರದ ಪೇಜ್‌ಮೇಕರ್‌ನಲ್ಲಿ, ಹಳೇ ನುಡಿ ಫಾಂಟಿನಲ್ಲಿದೆ. ಅಷ್ಟನ್ನೂ ಯೂನಿಕೋಡ್‌ಗೆ ತಂದು, ಪುಟ ಮತ್ತೆ ಕಟ್ಟುವಷ್ಟು ಪುರುಸೊತ್ತು ಯಾರಿಗಿದೆ?

ವಿಂಡೋಸ್ 10ರಲ್ಲೇ ಇದ್ದು, ಇಎಸ್‌ಯು ಅನ್ನುವ ಹೆಚ್ಚುವರಿ ಅಪ್‌ಡೇಟ್‌ಗೆ ಸೇರಿಕೊಳ್ಳಬಹುದಿತ್ತು. ಅದು ಸುಮ್ನೆ ಕಾಲ ತಳ್ಳುವ ದಾರಿ. ಹೊಚ್ಚ ಹೊಸದು ನನ್ನ ಬಜೆಟ್ಟಿಗೆ ಮೀರಿದ್ದು.

ಇನ್ನು ಸೆಕೆಂಡ್ ಹ್ಯಾಂಡ್ ಕಥೆ. ಪ್ರೊಸೆಸರ್ ಓಕೆ, ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್‌ಗಳಲ್ಲಿ) ಪಿಟಿಟಿ ಅನ್ನುವ ಇಂಟೆಲ್‌ನ ಟಿಪಿಎಂ ಅನ್ನು ಆನ್ ಮಾಡಿದೆ, ಟಿಪಿಎಂ ಓಕೆ. ಆದರೂ 11ಕ್ಕೆ ಕಂಪ್ಯೂಟರ್ ಸರಿಯಿದೆಯೇ ಅಂತ ನೋಡುವ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್, ಅದಕ್ಕೆ ಬೇಕಾದ ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರನ್ನಷ್ಟೇ ಏಳಲು ಬಿಡುವ ಕಾವಲು) ಇಲ್ಲ ಅಂತು. ಬಯಾಸ್‌ನಲ್ಲಿ ಅದನ್ನು ಆನ್ ಮಾಡಿದರೆ ವಿಂಡೋಸೇ ಏಳುವುದಿಲ್ಲ! ಆಫ್ ಮಾಡಿದರೆ ಏಳುತ್ತದೆ.

ಆಗಿದ್ದು ಇಷ್ಟೇ. ಅಂಗಡಿಯವರು ವಿಂಡೋಸ್ 10ನ್ನು ಹಳೇ ಲೆಗಸಿ ಮೋಡ್‌ನಲ್ಲಿ ಹಾಕಿದ್ದರು. ಡಿಸ್ಕನ್ನು ಎಂಬಿಆರ್ ಅನ್ನುವ ಹಳೇ ಶೈಲಿಯಲ್ಲಿ ಭಾಗ ಮಾಡಲಾಗಿತ್ತು. ಸೆಕ್ಯೂರ್ ಬೂಟ್‌ಗೆ ಯುಇಎಫ್‌ಐ ಅನ್ನುವ ಹೊಸ ಮೋಡ್ ಬೇಕು, ಅದರಲ್ಲಿ ವಿಂಡೋಸ್ ಏಳಬೇಕಾದರೆ ಡಿಸ್ಕ್ ಜಿಪಿಟಿ ಅನ್ನುವ ಹೊಸ ಶೈಲಿಯಲ್ಲಿರಬೇಕು. ಡೇಟಾ ಅಳಿಸದೆ ಬದಲಿಸಲು ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಅನ್ನುವ ಕಮಾಂಡ್ ಇದೆ. ಕೊಟ್ಟೆ. ಡಿಸ್ಕ್ ಜೋಡಣೆ ಸರಿಯಿಲ್ಲ ಅಂತ ಒಂದೇ ಸಾಲು ಹೇಳಿ ನಿಂತಿತು. ಯಾಕೆ ಸರಿಯಿಲ್ಲ ಅಂತ ಹೇಳಲಿಲ್ಲ.

ಕಾರಣ ಡಿ ಮತ್ತು ಇ ಡ್ರೈವ್. ನಮ್ಮಲ್ಲಿ ಕಂಪ್ಯೂಟರ್ ಅಂದ ಮೇಲೆ ಸಿ, ಡಿ, ಇ ಇರಲೇಬೇಕು, ಅಲ್ವಾ? 256 ಜಿಬಿ ಡಿಸ್ಕನ್ನೂ ಬಿಟ್ಟಿರಲಿಲ್ಲ. ಅವೆರಡೂ ಎಕ್ಸ್‌ಟೆಂಡೆಡ್ ಪಾರ್ಟಿಷನ್ನಿನ, ಅಂದರೆ ಹಲವು ಡ್ರೈವ್‌ಗಳನ್ನು ಒಳಗಿಟ್ಟುಕೊಳ್ಳುವ ಡಿಸ್ಕ್ ಭಾಗದ, ಒಳಗಿದ್ದವು. ಅಂಥದ್ದೊಂದು ಇದ್ದರೆ ಈ ಕಮಾಂಡ್ ಒಪ್ಪುವುದಿಲ್ಲ. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಜಾಸ್ತಿ ಇದ್ದರೂ ಒಪ್ಪುವುದಿಲ್ಲ. ಅಂಗಡಿಗೆ ಫೋನ್ ಮಾಡಿದರೆ, "ಸಾರ್, ತಂದುಬಿಡಿ, ಫಾರ್ಮ್ಯಾಟ್ ಮಾಡಿ ಕೊಡ್ತೀವಿ" ಅಂದರು. ಅಷ್ಟರಲ್ಲಿ ಫಾಂಟು, ಪ್ರಿಂಟರ್, ಸ್ಕ್ಯಾನರ್ ಎಲ್ಲ ಕೂರಿಸಿಯಾಗಿತ್ತು. ಮತ್ತೆ ಮೊದಲಿಂದ ಯಾರು ಶುರುಮಾಡುತ್ತಾರೆ?

ಡಿ, ಇ ಎರಡರಲ್ಲಿದ್ದುದನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿಕೊಂಡು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎರಡನ್ನೂ, ಆಮೇಲೆ ಉಳಿದ ಖಾಲಿ ಎಕ್ಸ್‌ಟೆಂಡೆಡ್ ಜಾಗವನ್ನೂ ಅಳಿಸಿದೆ. ಈ ಕೊನೆಯದನ್ನು ಬಿಟ್ಟರೆ ಮತ್ತೆ ಅದೇ ತಕರಾರು. ಈ ಸಲ ಕಮಾಂಡ್ ಓಡಿತು. ಬಯಾಸ್‌ನಲ್ಲಿ ಯುಇಎಫ್‌ಐ, ಸೆಕ್ಯೂರ್ ಬೂಟ್ ಎರಡನ್ನೂ ಆನ್ ಮಾಡಿದ ಮೇಲೆ ಹೆಲ್ತ್ ಚೆಕ್ ಹಸಿರು ಟಿಕ್ ತೋರಿಸಿತು. 11 ಸಂಜೆಯೊಳಗೆ ಕೂತಿತು, ಹಾಕಿದ್ದ ಪ್ರೋಗ್ರಾಂಗಳೂ ಹಾಗೇ ಉಳಿದವು.

ಇಷ್ಟು ಕಾಡಿಸಿದರೂ ನನ್ನ ಆಯ್ಕೆ ಇದೇ. ಈ ತೊಂದರೆ ಒಂದು ಸಲದ್ದು, ರೂಫಸ್ ದಾರಿಯದು ಪ್ರತಿ ವರ್ಷದ್ದು. ಬ್ರೌಸರ್, ಯೂಟ್ಯೂಬ್ ಬಿಟ್ಟು ಬೇರೇನೂ ಬೇಡ ಅನ್ನುವವರು ಒಂದು ಪೈಸೆ ಖರ್ಚಿಲ್ಲದೆ ಮಿಂಟ್ ಹಾಕಿಕೊಳ್ಳಿ. ನನ್ನ ಹಾಗೆ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ದುಡ್ಡು ಕೊಡುವ ಮೊದಲೇ ಕಂಪ್ಯೂಟರಿನ ವಿವರ ತೋರಿಸುವ ವಿಂಡೋಸ್‌ನ ಎಂಎಸ್‌ಇನ್ಫೋ32 ತೆರೆಸಿ, ಬಯಾಸ್ ಮೋಡ್ ಎದುರು ಲೆಗಸಿ ಅಂತಿದ್ದರೆ ಅಲ್ಲೇ ಸರಿಮಾಡಿಸಿ. ಬ್ಯಾಟರಿ ನನ್ನದು ಎರಡು ಗಂಟೆಯೂ ಬರುವುದಿಲ್ಲ. ನಾನು ಹೇಗೂ ಪ್ಲಗ್ ಹಾಕಿಯೇ ಕೆಲಸ ಮಾಡುವವನು, ಅದಕ್ಕೆ ಚೌಕಾಸಿ ಮಾಡಿ ಸಾವಿರ ರೂಪಾಯಿ ಇಳಿಸಿಕೊಂಡೆ.