ಟೈಲರ್ ಹಲ್ಲು, ಪಾವಗಡದ ಹಲ್ಲು: ಡೆಂಟಲ್ ಕಾಲೇಜಿನಲ್ಲಿ ಮೂರು ಬೆಳಗು

ಬಾಯಿ ತೆರೆದು ಅರ್ಧ ನಿಮಿಷವೂ ಆಗಿರಲಿಲ್ಲ. "ಆಂಟಿ, ನೀವು ಟೈಲರಾ?" ಅಂತ ಕೇಳಿದಳು ಆ ಹುಡುಗಿ. ಚೀಟಿಯಲ್ಲಿ ನಾನು ಬರೆಸಿದ್ದು ಗೃಹಿಣಿ ಅಂತ. ಹೇಗೆ ಗೊತ್ತಾಯಿತಮ್ಮಾ ಅಂದೆ. ಕೈಗನ್ನಡಿ ಕೊಟ್ಟಳು. ಮೇಲಿನ ಎದುರು ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು. 22 ವರ್ಷ ದಾರ ಕಚ್ಚಿ ತುಂಡು ಮಾಡಿ ಮಾಡಿ ಬಿದ್ದದ್ದು. ಗುಂಡುಪಿನ್ನನ್ನೂ ನಾನು ಅಲ್ಲೇ ಹಿಡಿಯುತ್ತೇನೆ. ದಿನಾ ಕನ್ನಡಿ ನೋಡುವವಳಿಗೆ ಅದು ಕಂಡಿರಲಿಲ್ಲ, ಕೊನೇ ವರ್ಷದ ಬಿ.ಡಿ.ಎಸ್. ಹುಡುಗಿಗೆ ಕಂಡಿತು. ಇಲ್ಲಿ ಕೆಲಸ ಆಗಬಹುದು ಅನ್ನಿಸಿದ್ದು ಆವಾಗಲೇ.

ಇದು ಬೆಂಗಳೂರಿನ ಒಂದು ಖಾಸಗಿ ಡೆಂಟಲ್ ಕಾಲೇಜಿನ ಒ.ಪಿ.ಡಿ. ಬಗ್ಗೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ಬೈಯುವುದೂ ಸ್ವಲ್ಪ ಇದೆ. ಒಟ್ಟು ಮೂರು ಸಲ ಹೋದೆ. ಚೀಟಿಗೆ 50, ಎಕ್ಸ್‌ರೇಗೆ 100, ಪಾಚಿ ಕೆರೆದು ತೆಗೆಯುವ ಸ್ಕೇಲಿಂಗಿಗೆ 300, ಎರಡು ಫಿಲ್ಲಿಂಗಿಗೆ 500. ಆಟೋ ಖರ್ಚು ಬೇರೆ.

ನನ್ನೂರು ಪಾವಗಡದ ಕಡೆ. ಶನಿಮಹಾತ್ಮನ ಗುಡಿಯಿಂದಲೋ ಸೋಲಾರ್ ಪಾರ್ಕಿನಿಂದಲೋ ಊರಿನ ಹೆಸರು ಕೇಳಿರುತ್ತೀರಿ. ನಮ್ಮವರಿಗೆ ಇನ್ನೊಂದು ಗುರುತಿದೆ, ಹಲ್ಲು. ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಪಟ್ಟೆ. ಶಾಲೆಯಲ್ಲಿ ಎಲ್ಲರದೂ ಹಾಗೇ ಇತ್ತು, ಯಾರೂ ಯಾರನ್ನೂ ಆಡಿಕೊಳ್ಳುತ್ತಿರಲಿಲ್ಲ. ಮದುವೆಯಾಗಿ ಬೆಂಗಳೂರಿಗೆ ಬಂದ ಮೂರನೇ ದಿನ ನಮ್ಮತ್ತೆ ಹೊಸ ಬ್ರಷ್ ತಂದುಕೊಟ್ಟು, "ಹಲ್ಲು ಚೆನ್ನಾಗಿ ಉಜ್ಜಮ್ಮಾ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅವತ್ತಿನಿಂದ ನಗುವಾಗ ಸೆರಗು ಬಾಯಿಗೆ ಹೋಗುವುದು ಅಭ್ಯಾಸವಾಯಿತು. ಮಗಳ ಆರತಿಯ ಫೋಟೋದಲ್ಲೂ ನಾನು ಬಾಯಿ ಬಿಗಿ ಹಿಡಿದು ನಿಂತಿದ್ದೇನೆ.

ಆಮೇಲೆ ಶುರುವಾಯಿತು ನೋಡಿ ಉಜ್ಜಾಟ. ಅಂಗಡಿಯಲ್ಲಿ ಸಿಗುವ ಅತಿ ಗಟ್ಟಿ ಬ್ರಷ್. ಉಪ್ಪು, ಇದ್ದಿಲು. ನಿಂಬೆಹಣ್ಣಿಗೆ ಅಡುಗೆ ಸೋಡಾ ಹಾಕಿ ಅದೂ ಆಯಿತು. ಬಟ್ಟೆ ಒಗೆಯುವ ಬ್ರಷ್ಷೊಂದು ಬಾಕಿ. ನಾಲ್ಕು ವರ್ಷದ ಹಿಂದೆ ಮನೆ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ "ಕ್ಲೀನಿಂಗ್, ಪಾಲಿಶ್ ಎರಡೂ ಸೇರಿ ಪ್ಯಾಕೇಜ್, ಫಳಫಳ ಹೊಳೆಯುತ್ತೆ" ಅಂದರು. 6,000 ಕೊಟ್ಟೆ. ಎರಡು ತಿಂಗಳ ಬ್ಲೌಸ್ ಹೊಲಿದ ದುಡ್ಡು ಅದು. ಹಲ್ಲು ನುಣ್ಣಗಾಯಿತು, ಪಟ್ಟೆ ಇದ್ದಲ್ಲೇ ಇತ್ತು.

ಈ ಸಲ ಹೋದದ್ದು ಕಲೆಗಲ್ಲ, ರಕ್ತಕ್ಕೆ. ಉಜ್ಜಿದಾಗೆಲ್ಲ ವಸಡಿನಲ್ಲಿ ರಕ್ತ. ರಕ್ತ ಬಂತು ಅಂತ ಆ ಜಾಗ ಬಿಟ್ಟು ಉಜ್ಜುವುದು. ಆಮೇಲೆ ಬಾಯಿ ವಾಸನೆ. ಅಳತೆ ತೆಗೆಯುವಾಗ ಗಿರಾಕಿಯ ಮುಖದ ಹತ್ತಿರ ಹೋಗಬೇಕಲ್ವಾ, ಅದಕ್ಕೆ ಬಾಯಲ್ಲಿ ಯಾವಾಗಲೂ ಏಲಕ್ಕಿ. ತಣ್ಣೀರು ಕುಡಿದರೆ ಜುಮ್ ಅಂತ ತಲೆಗೇರುತ್ತಿತ್ತು. ಲವಂಗದ ಎಣ್ಣೆ ಹಚ್ಚಿದರೆ ಒಂದು ಗಂಟೆ ತಡೆಯುತ್ತಿತ್ತು, ಅಷ್ಟೇ.

ಮೊದಲನೇ ದಿನ ಪೂರ್ತಿ ಬರೆಯುವುದರಲ್ಲೇ ಹೋಯಿತು. ಅವಸರದವರಿಗೆ ಈ ಜಾಗ ಆಗಿಬರಲ್ಲ. ಶುಗರ್ ಇದೆಯಾ, ಬಿ.ಪಿ. ಇದೆಯಾ, ಎಲೆ ಅಡಿಕೆ ಹಾಕ್ತೀರಾ, ಎಷ್ಟು ಹೊತ್ತಿಗೆ ಉಜ್ಜುತ್ತೀರಾ, ಎಲ್ಲ ಕೇಳಿ ಬರೆದುಕೊಂಡಳು. ಶುಗರ್ ವಿಷಯ ಎರಡು ಸಲ ಕೇಳಿದಳು. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಬೇಗ ಕೆಡುತ್ತದಂತೆ, ವಸಡು ಕೆಟ್ಟಿದ್ದರೆ ಶುಗರ್ ಇಳಿಸುವುದೂ ಕಷ್ಟವಂತೆ. ನಮ್ಮಮ್ಮನಿಗೆ ಐವತ್ತಕ್ಕೇ ಒಂದೊಂದೇ ಹಲ್ಲು ಅಲ್ಲಾಡಿ ಉದುರಿದ್ದು ನೆನಪಾಯಿತು. ವಯಸ್ಸು ಅಂದುಕೊಂಡಿದ್ದೆವು. ಶುಗರ್ ಇತ್ತು ಅವಳಿಗೆ.

ಆಮೇಲೆ ಗೆರೆ ಹಾಕಿದ ಒಂದು ಸಣ್ಣ ಕಡ್ಡಿ ತೆಗೆದಳು. ನಮ್ಮ ಟೇಪಿನ ಹಾಗೇ, ಆದರೆ ಮಿಲಿಮೀಟರ್ ಲೆಕ್ಕ. ವಸಡಿಗೂ ಹಲ್ಲಿಗೂ ನಡುವೆ ಇಳಿಸಿ "ಎರಡು, ಮೂರು, ಮೂರು, ಐದು" ಅಂತ ಹೇಳುತ್ತಾ ಹೋದಳು, ಪಕ್ಕದ ಹುಡುಗ ಬರೆದುಕೊಂಡ. ಮೂರರ ತನಕ ಚಿಂತೆಯಿಲ್ಲ. ನನ್ನ ಹಿಂದಿನ ಹಲ್ಲುಗಳಲ್ಲಿ ಐದು ಇತ್ತು. ಅಂದರೆ ಅಲ್ಲಿ ವಸಡು ಹಲ್ಲನ್ನು ಬಿಟ್ಟು ಜೇಬಿನ ಹಾಗೆ ಆಗಿದೆ, ಒಳಗೆ ಪಾಚಿ ಕೂತಿದೆ. 6,000 ತೆಗೆದುಕೊಂಡವರು ಈ ಅಳತೆ ತೆಗೆದಿರಲಿಲ್ಲ. ಅಳತೆ ತೆಗೆಯದೆ ನಾನು ಒಂದು ಲಂಗವನ್ನೂ ಹೊಲಿಯುವುದಿಲ್ಲ.

ಈಗ ಬೈಗುಳ. ಸಹಿ ಹಾಕಲು ಬಂದ ದೊಡ್ಡ ಡಾಕ್ಟರು ನನ್ನ ಬಾಯಿ ನೋಡಿದ್ದೇ ತಡ, "ಬನ್ರೋ ಎಲ್ಲ, ಫ್ಲೋರೋಸಿಸ್ ನೋಡಿ" ಅಂತ ಕರೆದರು. ಐದಾರು ಹುಡುಗ ಹುಡುಗಿಯರು ಸುತ್ತ ನಿಂತರು. ತುಟಿ ಎತ್ತಿ ಹಿಡಿದು ಪಾಠ ನಡೆಯಿತು. ಇಷ್ಟು ವರ್ಷ ಸೆರಗಿನಲ್ಲಿ ಮುಚ್ಚಿದ್ದನ್ನು ಲೈಟ್ ಹಾಕಿ ತೋರಿಸಿದ ಹಾಗಾಯಿತು ನನಗೆ. ಪಾಠ ಮಾಡಲಿ, ಕಾಲೇಜು ಅದು, ನನಗೂ ಗೊತ್ತು. "ತೋರಿಸಲಾ ಅಮ್ಮ?" ಅಂತ ಒಂದು ಮಾತು ಕೇಳಬಹುದಿತ್ತು. ಅವರು ಹೋದ ಮೇಲೆ ಹುಡುಗಿ ಮೆಲ್ಲಗೆ "ಸಾರಿ ಆಂಟಿ" ಅಂದಳು.

ಆದರೂ ಆ ಪಾಠ ನನಗೂ ಆಯಿತು. ಫ್ಲೋರೋಸಿಸ್ ಅಂದರೆ ನಮ್ಮ ಈ ಕಂದು ಪಟ್ಟೆಯೇ. ಆ ಕಲೆ ಹಲ್ಲಿನ ಮೇಲೆ ಅಂಟಿದ್ದಲ್ಲವಂತೆ. ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿರುವಾಗ, ಅಂದರೆ ಸುಮಾರು 8 ವರ್ಷದೊಳಗೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಹಲ್ಲಿನ ಹೊರಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್ ಇದನ್ನು ದಾಟುತ್ತವೆ. ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಸೀರೆ ಮೇಲೆ ಬಿದ್ದ ಸಾಂಬಾರಿನ ಕಲೆ ಬೇರೆ, ನೂಲಿಗೇ ಬಣ್ಣ ಹಾಕಿ ನೇಯ್ದದ್ದು ಬೇರೆ. ನಾನು ಇಷ್ಟು ವರ್ಷ ನೇಯ್ಗೆಯ ಬಣ್ಣವನ್ನು ಉಜ್ಜಿ ತೆಗೆಯಲು ನೋಡುತ್ತಿದ್ದೆ. ಬಣ್ಣ ಹೋಗಲಿಲ್ಲ, ಬಟ್ಟೆ ಸವೆಯಿತು. ವಸಡು ಹಿಂದೆ ಸರಿದು, ಎರಡು ಹಲ್ಲಿನ ಬುಡದಲ್ಲಿ ಚಾಕುವಿನಿಂದ ಕೊಯ್ದ ಹಾಗೆ ಕಚ್ಚು ಬಿದ್ದಿತ್ತು. ಜುಮ್ ಅನ್ನುತ್ತಿದ್ದದ್ದು ಅಲ್ಲೇ.

ಎರಡನೇ ದಿನ ಸ್ಕೇಲಿಂಗ್. ಹೋಗುವ ಮುಂಚೆ ಪಕ್ಕದ ಮನೆಯವರು "ಬೇಡ್ರೀ, ಹಲ್ಲು ಸಡಿಲ ಆಗುತ್ತೆ, ಸಂದಿ ಬೀಳುತ್ತೆ" ಅಂತ ಹೆದರಿಸಿದ್ದರು. ಸಂದಿ ಬಿದ್ದದ್ದು ನಿಜ. ಕೆಳಗಿನ ಎದುರು ಹಲ್ಲುಗಳ ಹಿಂದೆ ನಾಲಿಗೆ ಆಡಿಸಿದರೆ ಖಾಲಿ ಖಾಲಿ. ಆದರೆ ಅಲ್ಲಿ ಇದ್ದದ್ದು ಹಲ್ಲಲ್ಲ, ಪಾಚಿ ಗಟ್ಟಿಯಾಗಿ ಗಾರೆಯ ಹಾಗೆ ಕೂತದ್ದು. ಜೊಲ್ಲು ಸುರಿಯುವ ನಾಳ ಅಲ್ಲೇ ತೆರೆಯುವುದರಿಂದ ಅಲ್ಲಿ ಜಾಸ್ತಿ ಕಟ್ಟುತ್ತದೆ. ಅದನ್ನು ಬಿಡಿಸಿ ಬಟ್ಟಲಿಗೆ ಉಗಿದಾಗ ಮರಳಿನ ಹಾಗೆ ಕಂಡಿತು. ಹಲ್ಲು ಸಡಿಲ ಮಾಡುವುದು ಆ ಗಾರೆ, ತೆಗೆಯುವ ಮಿಷಿನ್ ಅಲ್ಲ.

ನೋವು ಅಂತ ಹೇಳಲಾರೆ. ಕೆರೆದ ಹಾಗೆ, ತಣ್ಣಗೆ, ಕಿವಿಗೆ ಕಿರಿಕಿರಿ. ಐದರ ಅಳತೆ ಇದ್ದ ಕಡೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಒಳಗೆ ಕ್ಲೀನ್ ಮಾಡಿದರು. ಹೊರಗಿನ ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವುದಕ್ಕೆ ಇಲ್ಲಿ ಎರಡೂವರೆ ಗಂಟೆ. ಹುಡುಗಿ ಒಂದೊಂದು ಹಂತಕ್ಕೂ ಸಹಿಗೆ ಓಡುತ್ತಾಳೆ, ಡಾಕ್ಟರು ಊಟಕ್ಕೆ ಹೋಗಿರುತ್ತಾರೆ, ನಾವು ಬಾಯಿ ತೆರೆದುಕೊಂಡು ಫ್ಯಾನ್ ನೋಡುತ್ತಾ ಮಲಗಿರಬೇಕು. ಬಿಲ್ ಕೌಂಟರ್ ಕೆಳಗೆ, ಕುರ್ಚಿ ಎರಡನೇ ಮಹಡಿಯಲ್ಲಿ, ಲಿಫ್ಟ್ ಮೂರು ದಿನವೂ ಕೆಟ್ಟಿತ್ತು. ಮಂಡಿನೋವಿನವರು ಯೋಚನೆ ಮಾಡಿ.

ಮೂರನೇ ದಿನ ಬುಡದ ಆ ಎರಡು ಕಚ್ಚಿಗೆ ಫಿಲ್ಲಿಂಗ್ ಹಾಕಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿದರು. ಆಮೇಲೆ ಹಲ್ಲಿಗೆಲ್ಲ ಗುಲಾಬಿ ಬಣ್ಣದ ನೀರು ಹಚ್ಚಿ ಕನ್ನಡಿ ಕೊಟ್ಟಳು. ಪಾಚಿ ಇದ್ದ ಕಡೆಯೆಲ್ಲ ಗುಲಾಬಿ. ಎದುರು ಹಲ್ಲುಗಳು ಪರವಾಗಿಲ್ಲ, ವಸಡಿನ ಅಂಚು ಮತ್ತು ಹಿಂದಿನ ದವಡೆ ಹೋಳಿಹಬ್ಬ! ನಾಚಿಕೆಯಾಗಿ ನಗು ಬಂತು, ಅವಳೂ ನಕ್ಕಳು. ಮೆತ್ತನೆ ಬ್ರಷ್ಷನ್ನು ವಸಡಿನ ಅಂಚಿಗೆ ಸ್ವಲ್ಪ ಓರೆಯಾಗಿ ಇಟ್ಟು ಸಣ್ಣಗೆ ಅಲುಗಿಸುವುದು, ಒತ್ತುವಂತಿಲ್ಲ. ರಕ್ತ ಬಂದ ಜಾಗವನ್ನೇ ಮೆಲ್ಲಗೆ, ಬಿಡದೆ ಉಜ್ಜಬೇಕು, ಯಾಕೆಂದರೆ ರಕ್ತ ಬರುವುದೇ ಅಲ್ಲಿ ಪಾಚಿ ಕೂತಿರುವುದಕ್ಕೆ. ರಾತ್ರಿ ಮಲಗುವ ಮುಂಚೆ ಒಂದು ಸಲ ಕಡ್ಡಾಯ. ಹಲ್ಲುಸಂದಿಗೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯ ಹಾಗಿರುವ ಒಂದು ಪುಟ್ಟ ಬ್ರಷ್ ಬರೆದುಕೊಟ್ಟಳು. ಎಲ್ಲಾ ಮೆಡಿಕಲ್ ಶಾಪಿನಲ್ಲಿ ಸಿಗಲ್ಲ, ನಾನು ಮೂರು ಕಡೆ ಸುತ್ತಿದೆ.

ಫ್ಲೋರೈಡಿನಿಂದಲೇ ಹೀಗಾಯಿತಲ್ಲ, ಫ್ಲೋರೈಡ್ ಇರುವ ಪೇಸ್ಟ್ ಬಿಡಲಾ ಅಂತ ಕೇಳಿದೆ. ಬೇಡ ಅಂದಳು. ದೊಡ್ಡವರ ಹಲ್ಲು ಬೆಳೆದು ಮುಗಿದಿರುತ್ತದೆ, ಪೇಸ್ಟನ್ನು ಉಗಿಯುತ್ತೇವೆ, ಹುಳುಕು ತಡೆಯುವುದೇ ಅದು. ನುಂಗುವ ವಯಸ್ಸಿನ ಮಕ್ಕಳಿಗೆ ಮಾತ್ರ ಅಕ್ಕಿಕಾಳಷ್ಟು ಹಾಕಬೇಕು. ಊರಲ್ಲಿರುವ ತಮ್ಮನಿಗೆ ಅವತ್ತೇ ಫೋನ್ ಮಾಡಿ, ಮಕ್ಕಳಿಗೆ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಕೊಡು, ಅಡುಗೆಗೂ ಅದೇ ಇರಲಿ ಅಂದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಅದೂ ನನಗೆ ಗೊತ್ತಿರಲಿಲ್ಲ.

ಈಗ ಆರು ವಾರ ಆಯಿತು. ಮೊದಲ ವಾರ ಜುಮ್ ಜಾಸ್ತಿಯೇ ಆಯಿತು, ಆಮೇಲೆ ಇಳಿಯಿತು. ರಕ್ತ ನಿಂತಿದೆ. ಸರಿದ ವಸಡು ಮತ್ತೆ ಬೆಳೆಯುವುದಿಲ್ಲ, ಅದನ್ನು ಮೊದಲೇ ಹೇಳಿದ್ದರು. ಕಂದು ಪಟ್ಟೆ ಹಾಗೇ ಇದೆ. ಬೇಕಿದ್ದರೆ ಮೇಲೆ ತೆಳು ಪದರ ಅಂಟಿಸಬಹುದು ಅಂದರು, ರೇಟ್ ಕೇಳಿ ಸದ್ಯಕ್ಕೆ ಬೇಡ ಅಂದೆ. ಹೊಲಿಗೆ ಮಿಷಿನ್ನಿಗೆ ಒಂದು ಪುಟ್ಟ ಕತ್ತರಿ ಕಟ್ಟಿಕೊಂಡಿದ್ದೇನೆ, ಆದರೂ ಅವಸರದಲ್ಲಿ ದಾರ ಬಾಯಿಗೇ ಹೋಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಲಿಫ್ಟಿಗೂ ಆ ದೊಡ್ಡ ಡಾಕ್ಟರಿಗೂ ಸೇರಿ. ಬೆಳಿಗ್ಗೆ ಒಂಬತ್ತಕ್ಕೇ ಹೋಗಿ, ತಿಂಡಿ ತಿಂದು ಹೋಗಿ. ಪರೀಕ್ಷೆ ಸಮಯದಲ್ಲಿ ಹುಡುಗರು ಇರುವುದಿಲ್ಲ, ಕೇಳಿಕೊಂಡು ಹೋಗಿ. ನನಗೆ ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದಿದ್ದಾಳೆ, ಆ ಐದನ್ನು ಇನ್ನೊಮ್ಮೆ ಅಳೆಯಬೇಕಂತೆ. ನೀನೇ ನೋಡ್ತೀಯಾ ಅಂದೆ. "ನನ್ನ ಪೋಸ್ಟಿಂಗ್ ಮುಗಿದಿರುತ್ತೆ ಆಂಟಿ, ಫೈಲ್ ಇರುತ್ತಲ್ಲ, ಯಾರಾದ್ರೂ ನೋಡ್ತಾರೆ" ಅಂದಳು. ಫೈಲಿನ ನಂಬರನ್ನು ಅಳತೆ ಪುಸ್ತಕದ ಹಿಂದೆ ಬರೆದಿಟ್ಟುಕೊಂಡಿದ್ದೇನೆ.