ಬತ್ತಿದ ಬೋರಿಗೆ ಕಕ್ಕಸಿನ ಪೈಪು ಬಿಡಬೇಡಿ, ನಾನು ಬಿಟ್ಟು ಬೀದಿ ನೀರನ್ನೇ ಕೆಡಿಸಿದೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ತಪ್ಪು ಮಾಡಿದವನು ನಾನೇ.

ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಸಣ್ಣ ಊರು. ಹಾಸನ ಜಿಲ್ಲೆ ಅಂದರೆ ಜನಕ್ಕೆ ಸಕಲೇಶಪುರದ ಮಳೆ ನೆನಪಾಗುತ್ತದೆ. ಆ ಮಳೆ ನಮ್ಮ ತನಕ ಬರುವುದಿಲ್ಲ. ತೆಂಗು, ರಾಗಿ, ಬೋರು, ಅಷ್ಟೇ ನಮ್ಮ ಬದುಕು. ಹಿತ್ತಲಲ್ಲಿ ಅಪ್ಪ ಕೊರೆಸಿದ 480 ಅಡಿಯ ಬೋರೊಂದಿತ್ತು. ಎರಡು ವರ್ಷ ನೀರು ಕೊಟ್ಟು ನಿಂತುಹೋಯಿತು. ಮೋಟರ್ ಎತ್ತಿ ಮಾರಿದೆವು, ಬೋರಿಗೆ ಇಳಿಸಿದ್ದ ಕೇಸಿಂಗ್ ಪೈಪಿನ ಬಾಯಿಗೆ ಚಪ್ಪಡಿ ಮುಚ್ಚಿ ಮರೆತೆವು.

ಹೊಸ ಮನೆ ಕಟ್ಟಿದಾಗ ಕಕ್ಕಸಿನ ಗುಂಡಿ ತೋಡಿದರೆ ಆರಡಿಗೇ ಬಂಡೆ. ಹೇಗೋ ರಿಂಗ್ ಇಳಿಸಿದೆವು. ನೀರು ಇಂಗಲೇ ಇಲ್ಲ, ಆರು ತಿಂಗಳಿಗೆ ಗುಂಡಿ ಉಕ್ಕಿತು. ಗಾಡಿ ಕರೆಸಿ ಖಾಲಿ ಮಾಡಿಸಿದೆ, ಮತ್ತೆ ಉಕ್ಕಿತು. ಆಗ ಮೇಸ್ತ್ರಿ ಹಿತ್ತಲ ಚಪ್ಪಡಿ ತೋರಿಸಿ ಅಂದ: "ಇಷ್ಟು ದೊಡ್ಡ ತೂತು ಇಟ್ಕೊಂಡು ಯಾಕಣ್ಣ ಒದ್ದಾಡ್ತೀರಾ? ಇದಕ್ಕೊಂದು ಪೈಪ್ ಕೊಡಿ, ಈ ಜನ್ಮದಲ್ಲಿ ತುಂಬಲ್ಲ. ಬೋರೂ ರೀಚಾರ್ಜ್ ಆಗುತ್ತೆ."

ರೀಚಾರ್ಜ್! ಆ ಮಾತು ಕೇಳಿ ನನಗೆ ಏನೋ ಪುಣ್ಯದ ಕೆಲಸ ಮಾಡುತ್ತಿದ್ದೇನೆ ಅನ್ನಿಸಿತು. ನಾಲ್ಕಿಂಚಿನ ಪೈಪು, ಎರಡು ಬೆಂಡು, ಅರ್ಧ ದಿನದ ಕೂಲಿ. ಮುಗಿಯಿತು.

ನಮ್ಮ ಬೀದಿಯ ಮಿನಿ ಟ್ಯಾಂಕಿಗೆ ನೀರು ಕೊಡುವ ಪಂಚಾಯ್ತಿ ಬೋರು ನನ್ನ ಹಿತ್ತಲಿನಿಂದ ಸುಮಾರು 200 ಅಡಿ ದೂರದಲ್ಲಿದೆ. ಅದು ದಿನಾ ಕಣ್ಣಿಗೆ ಬೀಳುತ್ತಿತ್ತು, ತಲೆಗೆ ಹೋಗಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಒಂದು ಬೆಳಗ್ಗೆ ಅಮ್ಮ ಬಿಂದಿಗೆ ಇಳಿಸಿ, "ನೀರು ಫಿನಾಯಿಲ್ ವಾಸ್ನೆ ಹೊಡೀತದೆ ಕಣೋ" ಅಂದರು. "ಬಿಂದಿಗೆ ಸರಿಯಾಗಿ ತೊಳೆದಿರಲ್ಲ ನೀವು" ಅಂದೆ. ಆಮೇಲೆ ನಾನೇ ಮೂಸಿದೆ. ನಮ್ಮ ಬಾತ್‌ರೂಮಿಗೆ ಹೆಂಡತಿ ಸುರಿಯುವ ಆ ನಿಂಬೆಹಣ್ಣಿನ ಫಿನಾಯಿಲ್‌ನದೇ ವಾಸನೆ. ಎದೆ ಧಸಕ್ ಅಂದಿತು. ಆದರೂ ಬಾಯಿ ಬಿಡಲಿಲ್ಲ. ಆ ಒಂದು ವಾರದ ಮೌನವೇ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಅಷ್ಟರಲ್ಲಿ ಎದುರುಮನೆಯ ಎರಡು ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು, ಹಿಂದಿನ ಮನೆಯ ಅಜ್ಜಿಗೆ ಡ್ರಿಪ್ ಹಾಕಿಸಬೇಕಾಯಿತು. ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ. ಎರಡು ದಿನ ಸರಿಹೋಯಿತು, ಆಮೇಲೆ ಮತ್ತದೇ ಕಥೆ. ಆಶಾ ಕಾರ್ಯಕರ್ತೆಯೊಬ್ಬರು ಎರಡು ಪುಟ್ಟ ಬಾಟಲಿ ತಂದರು. ಗುರುತಿನವರೆಗೆ ನೀರು ತುಂಬಿ ಇಡಬೇಕು, ಕಪ್ಪಾದರೆ ಕೊಳಚೆ ಸೇರಿದೆ ಅಂತ ಲೆಕ್ಕ. ಒಂದಕ್ಕೆ ನಮ್ಮ ಬೀದಿ ನೀರು, ಇನ್ನೊಂದಕ್ಕೆ ಮೇಲಿನ ಬೀದಿಯದು. ಎರಡನ್ನೂ ನಮ್ಮ ಮನೆಯ ಕಿಟಕಿಯಲ್ಲೇ ಇಟ್ಟುಹೋದರು. ಮಾರನೇ ದಿನ ಎದ್ದು ನೋಡಿದರೆ ಮೇಲಿನ ಬೀದಿಯದು ಇಟ್ಟ ಹಾಗೇ ಇದೆ, ನಮ್ಮದು ಕಾಡಿಗೆ ಕಲಸಿದಷ್ಟು ಕಪ್ಪು. ಅವತ್ತೇ ಪಿಡಿಓ ಹತ್ತಿರ ಹೋಗಿ ಒಪ್ಪಿಕೊಂಡೆ.

ನೋಡಲು ಬಂದ ಎಂಜಿನಿಯರ್ ಬೈಯಲಿಲ್ಲ, ಕೂರಿಸಿಕೊಂಡು ವಿವರಿಸಿದರು. ಬೋರಿಗೆ ಕೇಸಿಂಗ್ ಇರುವುದು ಗಟ್ಟಿ ಬಂಡೆ ಸಿಗುವ ತನಕ ಮಾತ್ರ. ಅದರ ಕೆಳಗೆ ಬರೀ ಬೆತ್ತಲೆ ಬಂಡೆ, ನೀರು ಓಡಾಡುವುದು ಅದರ ಸಂದುಗಳಲ್ಲಿ. ಗುಂಡಿಯಿಂದ ಇಂಗುವ ಕೊಳಚೆಯನ್ನು ಮೇಲಿನ ಮಣ್ಣು ಸೋಸುತ್ತದೆ, ರೋಗದ ಕ್ರಿಮಿ ಬಹಳಷ್ಟು ಅಲ್ಲೇ ಸಾಯುತ್ತದೆ. ನಾನು ಆ ಮಣ್ಣನ್ನೇ ದಾಟಿಸಿ ಹೊಲಸನ್ನು ನೇರ ಸಂದಿಗೆ ಇಳಿಸಿದ್ದೆ. ಪಂಚಾಯ್ತಿ ಮೋಟರ್ ಓಡಿದಾಗೆಲ್ಲ ಸುತ್ತಲ ಸಂದಿನ ನೀರು ಅದರ ಕಡೆಗೇ ಎಳೆದುಕೊಂಡು ಬರುತ್ತಿತ್ತು. ಬೋರು ಬತ್ತಿದೆ ಅಂದರೆ ಸಂದು ಮುಚ್ಚಿದೆ ಅಂತಲ್ಲ.

ಲ್ಯಾಬ್ ರಿಪೋರ್ಟಲ್ಲಿ ನೈಟ್ರೇಟ್, ಅಂದರೆ ಕೊಳಚೆಯಿಂದ ನೀರಿಗೆ ಸೇರುವ ಒಂದು ರಾಸಾಯನಿಕ, ಲೀಟರಿಗೆ 78 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಮಿತಿ 45. ಅಲ್ಲಿಯವರೆಗೆ ನಾನು ಎಲ್ಲರಿಗೂ "ಕಾಯಿಸಿ ಕುಡಿಯಿರಿ" ಅಂತ ಹೇಳಿಕೊಂಡು ತಿರುಗಿದ್ದೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಬ್ಲೀಚಿಂಗ್‌ಗೂ ಅದು ಬಗ್ಗುವುದಿಲ್ಲ. ಎಳೆ ಕೂಸಿಗೆ ಇಂಥ ನೀರಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟಬಹುದು. ಪಕ್ಕದ ಮನೆಯಲ್ಲಿ ಮೂರು ತಿಂಗಳ ಕೂಸಿತ್ತು. ಪುಣ್ಯಕ್ಕೆ ಅದು ತಾಯಿ ಹಾಲು ಕುಡಿಯುತ್ತಿತ್ತು.

ಪೈಪು ಕಿತ್ತು ವರ್ಷದ ಮೇಲಾಯಿತು. ಮಿನಿ ಟ್ಯಾಂಕಿನ ಮೇಲೆ ಕೆಂಪು ಬಣ್ಣದಲ್ಲಿ "ಕುಡಿಯಲು ಯೋಗ್ಯವಲ್ಲ" ಅಂತ ಬರೆದದ್ದು ಇನ್ನೂ ಅಳಿಸಿಲ್ಲ. ಅರ್ಧ ದಿನದಲ್ಲಿ ಸೇರಿಸಿದ್ದನ್ನು ಬಂಡೆ ಒಳಗಿಂದ ತೊಳೆದು ತೆಗೆಯುವ ದಾರಿ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಬೀದಿಯವರು ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಹೋಗುತ್ತಾರೆ, ನನ್ನ ಮನೆ ಮುಂದೆಯೇ.

ನಿಮ್ಮ ಮೇಸ್ತ್ರಿಯೂ ಇದೇ ಮಾತು ಹೇಳಿದರೆ ದಯವಿಟ್ಟು ಕೇಳಬೇಡಿ. ಬೋರ್ ರೀಚಾರ್ಜ್ ಅಂದರೆ ಸೂರಿನ ಮಳೆನೀರನ್ನು ಜಲ್ಲಿ, ಮರಳಿನಲ್ಲಿ ಸೋಸಿ ಇಳಿಸುವುದು. ಬಚ್ಚಲು, ಕೊಟ್ಟಿಗೆ, ಚರಂಡಿ ನೀರನ್ನು ಬಿಡುವುದಲ್ಲ. ಕೆಟ್ಟ ಬೋರಿಗೆ ಮಣ್ಣು, ಮರಳು, ಕಲ್ಲು ತುಂಬಿ ನೆಲಮಟ್ಟಕ್ಕೆ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದು ಮಕ್ಕಳು ಬೀಳದಿರಲಿ ಅಂತ ಹೇಳಿದ್ದು, ನೀರನ್ನೂ ಅದೇ ಕಾಯುತ್ತದೆ. ಬಂಡೆ ನೆಲವಾದರೆ ಗುಂಡಿಯನ್ನು ಆಳ ಮಾಡುವ ಬದಲು ಮಣ್ಣಿರುವ ಕಡೆ, ಬೋರಿನಿಂದ ಆದಷ್ಟು ದೂರದಲ್ಲಿ ಎರಡು ಗುಂಡಿ ಮಾಡಿ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ. ನಾನೀಗ ಅದನ್ನೇ ಮಾಡಿಸಿದ್ದೇನೆ, ತೆಂಗಿನ ಸಾಲಿನ ಆಚೆ. ಖರ್ಚು ಜಾಸ್ತಿಯೇ ಆಯಿತು.

ಮೊನ್ನೆ ಪಕ್ಕದ ಊರಿಗೆ ಹೋಗಿದ್ದಾಗ ಒಂದು ಹೊಸ ಮನೆಯ ಕೆಲಸ ನಡೆಯುತ್ತಿತ್ತು. ಅದೇ ಮೇಸ್ತ್ರಿ. ಹಿತ್ತಲಲ್ಲಿ ಚಪ್ಪಡಿ ಮುಚ್ಚಿದ ಕೇಸಿಂಗ್ ಕಂಡಿತು. ಯಜಮಾನರನ್ನು ಆಚೆ ಕರೆದು ಇಷ್ಟೂ ಹೇಳಿದೆ. "ನೋಡೋಣ ಬಿಡಿ" ಅಂದರು. ಅವರ ಮನೆಯಲ್ಲಿ ಓದುವ ಹುಡುಗರಿದ್ದಾರೆ, ಅವರಾದರೂ ನೋಡಲಿ ಅಂತ ಇದನ್ನು ಬರೆದೆ.